ಗುಡ್ಡಕ್ಕೊಂದು ಗಿಡುಗ

ನನ್ನ ಬದುಕಿನ ಅತ್ಯಂತ ಚಂದದ ಸಂಜೆಯಲ್ಲಿ ನಾನು ಇರಲೇ ಇಲ್ಲವಂತೆ.

ಹೀಗೆಂದವಳು ನಮ್ಮಕ್ಕ ಗಿರಿಜಾ. ದೀಪಾವಳಿಯ ಮರುದಿನ, ಕಾನಹೊಸಹಳ್ಳಿಯ ಅವಳ ಮನೆಯಲ್ಲಿ, ಊಟಕ್ಕೆ ಕೂತ ಬೀಗರೆಲ್ಲರ ಎದುರು, ನನ್ನ ಎಲೆಗೆ ಇನ್ನೊಂದು ಹೋಳಿಗೆ ಬಡಿಸುತ್ತಾ ಹೇಳಿದಳು. ನಾನಾಗ ಬೀಗರಿಗೆ ನನ್ನ ಗಿಡುಗದ ಕತೆ ಹೇಳುತ್ತಿದ್ದೆ.

ಈ ಅಂಕಣ ಓದುತ್ತಾ ಬಂದವರಿಗೆ ಆ ಕತೆ ಹೊಸದಲ್ಲ. (ಎರಡು ಸಲ ಬರೆದಿದ್ದೇನೆ. ಮೂರು ಸಲ ಅಂತ ಸಂಪಾದಕರ ತಕರಾರು.) ಹೊಸಬರಿಗಾಗಿ ಚುಟುಕಾಗಿ ಹೇಳಿಬಿಡುತ್ತೇನೆ. ನನಗಾಗ ಐದೋ ಆರೋ ವರ್ಷ. ಅಪ್ಪನಿಗೆ ಕೊಟ್ಟೂರಿನಲ್ಲಿ ಕಾಳುಕಡಿಯ ಅಂಗಡಿ. ಕೂಡ್ಲಿಗಿ ಆಚೆಯ ಹಳ್ಳಿಗಳಿಗೆ ಶೇಂಗಾ ಖರೀದಿಗೆ ಹೋಗಿ ಬಂಡಿಯಲ್ಲಿ ವಾಪಸು ಬರುವಾಗ ಗಾಲಿಯ ಕಡಾಣಿ ಮುರಿಯಿತು. ಬಂಡಿಯವನು ಅದನ್ನು ಸರಿ ಮಾಡುವ ತನಕ ಏನು ಮಾಡುವುದು? ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಪಕ್ಕದ ಬೋಳುಗುಡ್ಡ ಹತ್ತಿದ. ಗುಡ್ಡದ ಆಚೆ ಬದಿಗೆ ಕಣ್ಣು ಹಾಯುವಷ್ಟು ದೂರ ಬರೀ ಹುಲ್ಲು. ಹೊತ್ತು ಮುಳುಗುವ ಸಮಯ. ಬಡಗಣ ದಿಕ್ಕಿನಿಂದ ಗಿಡುಗಗಳು ಬಂದವು. ಒಂದಲ್ಲ, ಹತ್ತಲ್ಲ, ಸಾವಿರಾರು. ಬಂದವೆಲ್ಲ ಒಂದೊಂದಾಗಿ ಹುಲ್ಲಿನೊಳಗೆ ಇಳಿದು ಮಾಯವಾದವು. ಅಪ್ಪ ಅವನ್ನು ಅಂಗಡಿಯಲ್ಲಿ ಕಾಳು ಅಳೆಯುವ ಹಾಗೆಯೇ ಎಣಿಸಿದ. ‘ಲಾಭ, ಎರಡು, ಮೂರು...’ (ನಮ್ಮ ಕಡೆ ಅಳೆಯುವವರು ಒಂದು ಅನ್ನುವುದಿಲ್ಲ. ಮೊದಲ ಸೇರಿಗೆ ಯಾವತ್ತೂ ‘ಲಾಭ’.)

ಇದು ಕತೆ. ಇದನ್ನು ನಾನು ಕೆಲಸದ ಇಂಟರ್‌ವ್ಯೂನಲ್ಲಿ ಹೇಳಿದ್ದೇನೆ. ಮದುವೆಗೆ ಮುಂಚೆ, ಹೆಣ್ಣು ನೋಡಲು ಹೋದಾಗ ಹೇಳಿದ್ದೇನೆ. ಎರಡೂ ಕಡೆ ಪಾಸಾಗಿದ್ದೇನೆ.

‘ನೀ ಎಲ್ಲಿ ಬಂದಿದ್ದ್ಯೋ ತಮ್ಮಾ?’ ಅಂದಳು ಅಕ್ಕ. ‘ಅವತ್ತು ಅಪ್ಪನ ಜೋಡಿ ಗುಡ್ಡ ಹತ್ತಿದಾಕಿ ನಾನು. ನಿನಗ ಅಮ್ಮ ಆಗಿತ್ತು. ಮನ್ಯಾಗ ಬೇವಿನ ಸೊಪ್ಪಿನ ಮ್ಯಾಲ ಮಲಗಿದ್ದಿ.’

ಬೀಗರು ಹೋಳಿಗೆ ಮುರಿಯುವುದನ್ನು ನಿಲ್ಲಿಸಿದರು.

ಅಮ್ಮ ಅಂದರೆ ಸೀತಾಳೆ. ಮೈತುಂಬ ಗುಳ್ಳೆ. ಕೆರೆದುಕೊಂಡರೆ ಕಲೆ ಉಳಿಯುತ್ತದೆ. ‘ನೀ ಕೆರಕೋಬಾರದು ಅಂತ ನಿನ್ನ ಎರಡೂ ಕೈ ಹಿಡ್ಕೊಂಡು ಕುಂತು, ಗಿಡಗದ ಕತಿ ಹೇಳಿದಾಕಿ ನಾನು. ಇನ್ನೊಂದ್ಸಲ ಹೇಳು, ಇನ್ನೊಂದ್ಸಲ ಹೇಳು ಅಂತ ಜೀವ ತಿಂದಿ. ನೀ ಬರೆಯೋದೆಲ್ಲ ನಾ ಹೇಳಿದ್ದು ನೋಡು.’

ನಾನು ಸುಮ್ಮನಿರಬಹುದಿತ್ತು. ಆದರೆ ಧಾರವಾಡದಲ್ಲಿ ಎಂ.ಎಸ್ಸಿ. ಓದಿದವನು, ಭೌತಶಾಸ್ತ್ರ ಪಾಠ ಮಾಡುವವನು. ಪುರಾವೆ ಕೇಳದೆ ಬಿಟ್ಟೆನೆ? ನನ್ನ ಪುರಾವೆಯನ್ನೂ ಮುಂದಿಟ್ಟೆ. ನನ್ನ ನೆನಪಿನಲ್ಲಿ ಗಿಡುಗಗಳ ಬೆನ್ನು ಕಾಣುತ್ತದೆ. ಹಾರುವ ಹಕ್ಕಿಯ ಹೊಟ್ಟೆ ಯಾರಿಗೆ ಬೇಕಾದರೂ ಕಂಡೀತು. ಬೆನ್ನು ಕಾಣಬೇಕಾದರೆ ನೀವು ಹಕ್ಕಿಗಿಂತ ಎತ್ತರದಲ್ಲಿ ಇರಬೇಕು. ಅಂದರೆ ಗುಡ್ಡದ ಮೇಲೆ, ಅಪ್ಪನ ಹೆಗಲ ಮೇಲೆ! ಕಂದು ಬೆನ್ನು, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ‘ವಿಭೂತಿ ಎಳೆದಂಥ ಬಿಳಿ ಪಟ್ಟಿ’ ಎಂದು ನಾನು ಬರೆದಾಗ ಹಿರೇಹಡಗಲಿಯ ಓದುಗರೊಬ್ಬರು ಆ ಹೋಲಿಕೆಯನ್ನು ಮೆಚ್ಚಿ ಕಾರ್ಡು ಹಾಕಿದ್ದರು.

‘ವಿಭೂತಿ ಹಚ್ಚಿದಂಗ ಐತಿ ಅಂತ ನಿನಗ ಹೇಳಿದಾಕಿನೂ ನಾನ’ ಅಂದಳು ಅಕ್ಕ. ‘ತುಪ್ಪ ಹಾಕ್ಲಿ?’

ಕೊಟ್ಟೂರಿಗೆ ವಾಪಸು ಬರುವ ಬಸ್ಸಿನಲ್ಲಿ ನನಗೆ ಕೂರಲು ಸೀಟಿತ್ತು. ಆದರೂ ನಿಂತೇ ಬಂದೆ. ನಾನು ಚಡಪಡಿಸುವವನು. ಕೂತರೆ ಯೋಚನೆ ಹೆಚ್ಚು.

ಸ್ವಲ್ಪ ಯೋಚಿಸಿ ನೋಡಿ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಎಲ್ಲವೂ ಪಾಲಾಯಿತು. ಅಂಗಡಿ, ಮನೆ, ಹಿತ್ತಾಳೆ ಪಾತ್ರೆ. ಒಂದು ಜೋರು ಮಾತೂ ಬರಲಿಲ್ಲ. ಆದರೆ ಆ ಸಂಜೆಯನ್ನು ಪಾಲು ಮಾಡುವುದು ಯಾರಿಗೂ ಹೊಳೆದಿರಲಿಲ್ಲ. ಅದು ನನ್ನದೇ ಎಂದು ನಾನಿದ್ದೆ. ತನ್ನದೇ ಎಂದು ಅವಳಿದ್ದಳು. ಅಪ್ಪ ಬೆಳಗಿನಿಂದ ರಾತ್ರಿವರೆಗೆ ಅಂಗಡಿಯಲ್ಲಿ ಇರುತ್ತಿದ್ದವನು. ಅವನ ಜೊತೆ ಏನೂ ಕೆಲಸವಿಲ್ಲದೆ ಕಳೆದದ್ದು ಅಂತ ನನಗಿರುವುದು ಅದೊಂದೇ ಸಂಜೆ. ಅದೂ ನನ್ನದಲ್ಲ ಅಂದರೆ?

ಬೇರೆಯವರ ವಿಚಾರದಲ್ಲಿ ನನಗೆ ಇದೆಲ್ಲ ಚೆನ್ನಾಗಿ ಗೊತ್ತು. ‘ನೀವು ನೆನಪು ಅಂತ ಹೇಳುವುದರಲ್ಲಿ ಅರ್ಧ ಕೇಳಿದ್ದು, ಕಾಲು ಭಾಗ ಕಟ್ಟಿದ್ದು’ ಎಂದು ಸ್ಟಾಫ್ ರೂಮಿನಲ್ಲಿ ಎಷ್ಟು ಜನರ ಬಾಯಿ ಮುಚ್ಚಿಸಿದ್ದೇನೆ! ಮದ್ದು ಕೊಡುವುದು ಸುಲಭ. ಕುಡಿಯುವಾಗ ಕಹಿ.

ಎರಡು ದಿನ ಬಿಟ್ಟು ಎಸ್‌ಟಿಡಿ ಬೂತಿನಿಂದ ಅಕ್ಕನಿಗೆ ಫೋನ್ ಮಾಡಿದೆ.

‘ನೀ ಅವತ್ತು ಎಷ್ಟು ಗಿಡುಗ ನೋಡಿದ್ದೆ?’

‘ನೂರು, ನೂರೈವತ್ತು ಇರಬೇಕಪ.’

‘ನನ್ನ ನೆನಪಿನಲ್ಲಿ ಸಾವಿರಾರು ಇವೆ. ಹೋಗಿ ಎಣಿಸೋಣ. ಯಾರ ಲೆಕ್ಕಕ್ಕೆ ಹತ್ತಿರ ಬರುತ್ತೋ ಅವರ ನೆನಪು ನಿಜ.’

(ಇಷ್ಟು ವರ್ಷದಲ್ಲಿ ಹಕ್ಕಿಗಳ ಸಂಖ್ಯೆಯೇ ಬದಲಾಗಿರಬಹುದು, ಹಾಗಾಗಿ ಈ ಪ್ರಯೋಗಕ್ಕೆ ತಲೆಬುಡವಿಲ್ಲ ಎಂದು ನನ್ನ ವಿದ್ಯಾರ್ಥಿಗಳೂ ಹೇಳಿಯಾರು. ನನಗೂ ಗೊತ್ತಿತ್ತು. ಆದರೆ ಬೇರೆ ಪ್ರಯೋಗ ಯಾವುದಿತ್ತು?)

‘ನಡಿ, ಹೋಗೂನು’ ಅಂದಳು ಅಕ್ಕ. ಅವಳಿಗೆ ಗೆಲ್ಲುವ ಖಾತ್ರಿ.

ಹರಪನಹಳ್ಳಿಯವಳಾದ ನನ್ನ ಹೆಂಡತಿಯನ್ನೂ ಕರೆದೆ. ‘ಗುಡ್ಡ ಹತ್ತಿ ಹದ್ದು ನೋಡಕ್ಕೆ ನಾನು ಬರಲ್ಲಪ್ಪ. ನಮ್ಮ ಮಾಳಿಗೆ ಮೇಲೆ ಬೇಕಾದಷ್ಟು ಕೂತಿರ್ತಾವೆ’ ಅಂದಳು.

ಹೋಗಲು ಗಾಡಿ ಬೇಕಲ್ಲ? ಕೂಡ್ಲಿಗಿಯಲ್ಲಿ ನನ್ನ ಹೈಸ್ಕೂಲ್ ಗೆಳೆಯ ಬಾಷಾ ಇದ್ದಾನೆ, ಜೀಪ್ ರಿಪೇರಿ ಮಾಡುವವನು. ಅವನ ಗ್ಯಾರೇಜಿನಲ್ಲಿ ಯಾವಾಗಲೂ ಯಾರದೋ ಒಂದು ಜೀಪು ‘ಟ್ರಯಲ್’ಗಾಗಿ ಕಾಯುತ್ತಿರುತ್ತದೆ. ಪಂಚಾಯ್ತಿಗೊಬ್ಬ ಮೂರನೆಯವನು ಬೇಕೆಂದೂ ನನಗನ್ನಿಸಿತ್ತು. ವಿಷಯ ಕೇಳಿ ಬಾಷಾ ಸ್ಪ್ಯಾನರ್ ಕೆಳಗಿಟ್ಟ.

‘ಮೇಷ್ಟ್ರಾ, ನಾ ತಿಳ್ಕೊಂಡಿದ್ದು ಸರಿ ಅದಾ ಇಲ್ಲೋ ನೋಡು. ನೀ ಸಣ್ಣವನಿದ್ದಾಗ ಗುಡ್ಡಕ್ಕ ಹೋಗಿದ್ದ್ಯೋ ಇಲ್ಲೋ ಅಂತ ಈಗ ಗಿಡಗ ಬಂದು ಸಾಕ್ಷಿ ಹೇಳಬೇಕು?’

‘ಹೌದು.’

‘ಸಂಬಳ ಕೊಟ್ಟು ಇಂಥಾರ ಕಡೆ ಪಾಠ ಮಾಡಸ್ತಾರಲ್ಲೋ!’ ಎಂದು ಕೈ ಒರೆಸಿಕೊಂಡು ಜೀಪಿನ ಕೀಲಿ ತಂದ.

ಕಾನಹೊಸಹಳ್ಳಿಯಿಂದ ಅಕ್ಕನನ್ನು ಕರೆದುಕೊಂಡು ಗುಡ್ಡದ ಬುಡ ತಲುಪಿದಾಗ ಬಿಸಿಲು ಹಳದಿಯಾಗಿತ್ತು. ಶೇಂಗಾ ಕಿತ್ತ ಹೊಲಗಳು ಕೆದರಿ ಬಿದ್ದಿದ್ದವು. ಅಕ್ಕ ಸೆರಗು ಸಿಕ್ಕಿಸಿಕೊಂಡು ನಮ್ಮಿಬ್ಬರಿಗಿಂತ ಮುಂದೆ ಹತ್ತಿದಳು. ಬಗಲಲ್ಲಿ ಕರ್ಚಿಕಾಯಿಯ ಸ್ಟೀಲ್ ಡಬ್ಬಿ. ನನ್ನ ಕೊರಳಲ್ಲಿ ವಸ್ತುಪ್ರದರ್ಶನದಲ್ಲಿ ಕೊಂಡ ದುರ್ಬೀನು. (ಒಂದು ಕಣ್ಣಿಗೆ ಬೂಸ್ಟು ಹಿಡಿದಿದೆ. ಇನ್ನೊಂದರಲ್ಲಿ ಎಲ್ಲವೂ ಸ್ಪಷ್ಟ.)

ಮೇಲೆ ಹತ್ತಿ ನೋಡಿದರೆ ಹುಲ್ಲು ಇತ್ತು. ಅಷ್ಟಕ್ಕೇ ನನ್ನ ಎದೆ ಅರ್ಧ ಹಗುರಾಯಿತು. ನಡುವೆ ಒಂಟಿ ಬನ್ನಿ ಮರ. ಅದು ನನ್ನ ನೆನಪಿನಲ್ಲಿ ಇಲ್ಲ. ಅಕ್ಕನ ನೆನಪಿನಲ್ಲೂ ಇಲ್ಲ. ‘ಆಮ್ಯಾಲ ಹುಟ್ಟಿದ್ದಿರಬೇಕು’ ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು. ಅದೊಂದರಲ್ಲಿ ನಮಗೆ ಭಿನ್ನಾಭಿಪ್ರಾಯ ಬರಲಿಲ್ಲ.

ಆ ಮರವನ್ನೇ ಗಡಿ ಮಾಡಿಕೊಂಡೆವು. ಮರದ ಬಲಕ್ಕೆ ಇಳಿಯುವ ಹಕ್ಕಿಗಳು ಅಕ್ಕನವು, ಎಡಕ್ಕೆ ಇಳಿಯುವವು ನನ್ನವು. ಗುಡ್ಡದ ಹಿಂದಿನಿಂದ ನಮ್ಮ ತಲೆ ಮೇಲೆ ಹಾದು ಬಂದರೆ ಬಾಷಾ ಕೂಗಿ ಹೇಳಬೇಕು. ನಿಯಮಗಳನ್ನು ನಾನು ವಿವರಿಸಿದೆ. ಹಾರುವುದನ್ನು ಎಣಿಸಕೂಡದು, ಒಂದೇ ಹಕ್ಕಿ ನಾಲ್ಕು ಸುತ್ತು ಹಾಕಿದರೆ ನಾಲ್ಕಾಗಿಬಿಡುತ್ತದೆ. ಹುಲ್ಲಿನಲ್ಲಿ ಕೂತದ್ದನ್ನಷ್ಟೇ ಎಣಿಸಬೇಕು.

‘ಕುಂತದ್ದು ಮತ್ತ ಎದ್ದು ಹೋದ್ರ?’ ಅಕ್ಕ ಕೇಳಿದಳು.

‘ಕಳೆಯಬೇಕು.’

‘ಎದ್ದು ಹೋಗಿ ಮತ್ತ ಬಂದು ಕುಂತ್ರ?’

‘ಕೂಡಬೇಕು.’

‘ಅದ ಬಂತೋ, ಅದರ ಅಣ್ಣ ಬಂತೋ ಹೆಂಗ ಗೊತ್ತಾಗಬೇಕು?’

ಇಂಥ ಪ್ರಶ್ನೆ ಕೇಳುವ ವಿದ್ಯಾರ್ಥಿ ವರ್ಷಕ್ಕೊಬ್ಬ ಸಿಕ್ಕರೂ ಸಾಕು ಅಂತ ನನಗೆ ಆಸೆ. ನಾನು ದುರ್ಬೀನು ಒರೆಸತೊಡಗಿದೆ.

ಕಾದೆವು. ಕರ್ಚಿಕಾಯಿ ತಿಂದೆವು. ಆಕಾಶ ಖಾಲಿ. ಒಂದು ಕಾಗೆ ಬಂತು. ಬಾಷಾ ಎದ್ದು ನಿಂತು ಸೆಲ್ಯೂಟ್ ಹೊಡೆದ. ನಾನು ಬಂಡೆಯಿಂದ ಬಂಡೆಗೆ ಓಡಾಡತೊಡಗಿದೆ. ಹಕ್ಕಿಗಳು ಬರುವುದನ್ನೇ ಬಿಟ್ಟಿದ್ದರೆ? ಯಾವತ್ತೂ ಬಂದೇ ಇರದಿದ್ದರೆ? ಇಡೀ ಕತೆಯನ್ನೇ ಅಕ್ಕ ಕಟ್ಟಿ ಹೇಳಿದ್ದರೆ?

‘ಒಂದ್ಕಡೆ ಕುಂದ್ರೋ!’ ಅಕ್ಕ ಗದರಿದಳು. ‘ಹಿಂಗ ಹಾಯ್ದಾಡಿದ್ರ ಯಾವ ಹಕ್ಕಿ ಬರತೈತಿ? ಕೆರಕೋಬಾರದು ಅಂತ ಕೈ ಹಿಡ್ಕೊಂಡಾಗೂ ಹಿಂಗ ಒದ್ದಾಡ್ತಿದ್ದಿ.’

ನಾನು ಕೂತೆ. ಕೂತ ಗಳಿಗೆಗೇ ಮೊದಲನೆಯದು ಬಂತು. (ಇದನ್ನು ಕಾರ್ಯಕಾರಣ ಸಂಬಂಧವೆಂದು ಅಕ್ಕ ಈಗಲೂ ನಂಬಿದ್ದಾಳೆ.)

ಬೂದು ಬಣ್ಣದ ಗಂಡು. ರೆಕ್ಕೆಯ ತುದಿ ಕಪ್ಪು. ರೆಕ್ಕೆ ಬಡಿಯುವುದೇ ಅಪರೂಪ. ಹಾಗೇ ತೇಲಿಕೊಂಡು, ಹುಲ್ಲಿನ ತುದಿಗೆ ಹೊಟ್ಟೆ ತಾಗುವಷ್ಟು ಕೆಳಗೆ ಬಂತು. ಬನ್ನಿ ಮರವನ್ನು ಸುತ್ತಿತು. ಕಾಲು ಕೆಳಗೆ ಬಿಟ್ಟು ಹುಲ್ಲಿನೊಳಕ್ಕೆ ಇಳಿಯಿತು. ಅಷ್ಟೇ. ಅಲ್ಲಿ ಹಕ್ಕಿ ಇದೆ ಎಂದು ಹೇಳಿದರೆ ನೀವು ನಂಬುವುದಿಲ್ಲ.

‘ಲಾಭ!’ ಅಂದಳು ಅಕ್ಕ.

ಪುಸ್ತಕದಲ್ಲಿ ಇವುಗಳ ಹೆಸರು ಸೆಳೆವ. ಚಳಿಗಾಲ ಕಳೆಯಲು ಹಿಮಾಲಯದ ಆಚೆಗಿನ ದೇಶಗಳಿಂದ ಬರುತ್ತವೆ. ಹಗಲೆಲ್ಲ ನಮ್ಮ ಹೊಲಗಳಲ್ಲಿ ಮಿಡತೆ ಹಿಡಿದು ತಿಂದು, ಸಂಜೆ ನೆಲದ ಮೇಲೆಯೇ, ಹುಲ್ಲಿನ ನಡುವೆ ಒಟ್ಟಾಗಿ ಮಲಗುತ್ತವೆ. ಮರ ಇದ್ದರೂ ಹತ್ತುವುದಿಲ್ಲ. ಇಷ್ಟನ್ನು ನಾನು ಬಾಷಾನಿಗೆ ವಿವರಿಸುವ ಹೊತ್ತಿಗೆ ಬಡಗಣ ದಿಕ್ಕಿನಲ್ಲಿ ಮೂರು ಕಂಡವು. ಆಮೇಲೆ ಏಳೆಂಟು. ಆಮೇಲೆ ವಿವರಿಸುವುದನ್ನು ನಿಲ್ಲಿಸಿದೆ.

ಹೇಗೆ ಹೇಳಲಿ? ಎಲ್ಲ ಕಡೆಯಿಂದ ಬಂದವು. ಹೊಲಗಳ ಮೇಲಿಂದ, ಹಳ್ಳದ ಗುಂಟ, ನಮ್ಮ ಗುಡ್ಡದ ಎರಡೂ ತುದಿ ಬಳಸಿಕೊಂಡು. ಸದ್ದೇ ಇಲ್ಲ. ಕಂದು ಹೆಣ್ಣುಗಳು ಕೆಳಗೆ ಹಾಯುವಾಗ ಬೆನ್ನು ಕಂಡಿತು, ಬಾಲದ ಬುಡದ ಬಿಳಿ ಪಟ್ಟಿ ಕಂಡಿತು. ಅಕ್ಕ ನನ್ನ ಕಡೆ ತಿರುಗಿ ಹಣೆಯ ಮೇಲೆ ಮೂರು ಬೆರಳು ಎಳೆದು ತೋರಿಸಿ ನಕ್ಕಳು. ಐವತ್ತರ ಹತ್ತಿರದ ಹೆಂಗಸು, ಎರಡು ಮಕ್ಕಳ ಮದುವೆ ಮಾಡಿದವಳು, ಲಂಗ ಹಾಕಿದ ಹುಡುಗಿಯ ಹಾಗೆ ಬಂಡೆಯ ಮೇಲೆ ತುದಿಗಾಲಲ್ಲಿ ನಿಂತಿದ್ದಳು. ‘ಹನ್ನೊಂದು! ಹನ್ನೆರಡು! ಏ, ಅದು ನಂದೋ, ನಿನ್ನ ಕಡಿ ಹೊಂಟೈತಿ ನೋಡು, ಹಿಡಕೋ ಹಿಡಕೋ!’ ನಾನೂ ಕೂಗುತ್ತಿದ್ದೆ. ಏನು ಕೂಗಿದೆನೋ ಗೊತ್ತಿಲ್ಲ. ದುರ್ಬೀನು ಎಲ್ಲೋ ಬಂಡೆಯ ಮೇಲೆ ಬಿದ್ದಿತ್ತು.

ಬಾಷಾನ ಪಾಲಿಗೆ ಹಕ್ಕಿಗಳೇ ಇಲ್ಲ. ಎಲ್ಲವೂ ನಮ್ಮ ಎದುರಿಗೇ. ಅವನು ನಮ್ಮಿಬ್ಬರನ್ನೇ ನೋಡುತ್ತಾ ಕೂತಿದ್ದ. ಹೊತ್ತು ಮುಳುಗಿದ ಕೂಡಲೇ ಎದ್ದು, ಹೆಗಲ ಮೇಲಿನ ಟವೆಲ್ ಹಾಸಿ ನಮಾಜಿಗೆ ನಿಂತ. ನೋಡಿ ಅವನ ಅದೃಷ್ಟ! ಗುಡ್ಡದ ಹಿಂದಿನ ಹಕ್ಕಿಗಳೆಲ್ಲ ಆಗಲೇ ಬಂದವು. ಒಂದಂತೂ ಅವನ ತಲೆ ಮೇಲೇ ಹಾದು, ಬಂಡೆಯಂಚಿನಿಂದ ಕೆಳಗೆ ಜಾರಿತು. ಅವನು ಕದಲಲಿಲ್ಲ. ನಮಾಜು ಮುಗಿಸಿ, ಟವೆಲ್ ಕೊಡವಿ, ‘ರೆಕ್ಕಿ ಗಾಳಿ ಮಾರಿಗೆ ಬಡೀತೋ ಮೇಷ್ಟ್ರಾ! ನೋಡಾಕ ಆಗ್ಲಿಲ್ಲ’ ಎಂದು ಹುಡುಗನ ಹಾಗೆ ಹೇಳಿದ.

ಕತ್ತಲು ಹುಲ್ಲನ್ನು ಮುಚ್ಚಿತು. ಲೆಕ್ಕ ಕೂಡಿಸಿದೆವು. ನೂರು ದಾಟಿತ್ತು. ಎಷ್ಟು ದಾಟಿತ್ತು ಎಂಬುದರಲ್ಲಿ ಇನ್ನೂ ಜಗಳವಿದೆ. ಆದರೆ ಸಾವಿರದ ಹತ್ತಿರಕ್ಕೂ ಇಲ್ಲ.

ಅಕ್ಕ ಗೆದ್ದಳು. ನಾನು ಹೇಳಿದ ನಿಯಮದ ಪ್ರಕಾರವೇ ಗೆದ್ದಳು. ಡಬ್ಬಿಯಲ್ಲಿ ಉಳಿದಿದ್ದ ಕರ್ಚಿಕಾಯಿಯನ್ನು ನನ್ನ ಕೈಗಿಟ್ಟಳು. ಸೋತದ್ದಕ್ಕಿಂತ ಅದು ಕಷ್ಟ.

ಆಗ ಬಾಷಾ ಬಾಯಿ ಬಿಟ್ಟ.

‘ಅಕ್ಕಾರ, ಒಂದು ಕೇಳ್ತೀನಿ. ನೀವು ಇಪ್ಪತ್ತು ಅಂತೀರಿ, ಒಂದು ಬೆರಳು ಮಡಚ್ತೀರಿ. ಆಮ್ಯಾಲ ಬಂದ ಹಕ್ಕಿ ಎಣಸಂಗಿಲ್ಲ, ಕೈಬಿಟ್ಟುಬಿಡ್ತೀರಿ. ಅದರ ಹಿಂದಿಂದಕ್ಕ ಮತ್ತ ಲಾಭ ಅಂತೀರಿ. ಯಾಕ?’

‘ಅದು ಕೊಸರು’ ಅಂದಳು ಅಕ್ಕ, ಇದೂ ಒಂದು ಪ್ರಶ್ನೆಯೇ ಎಂಬ ಹಾಗೆ.

ಕೊಸರು ಎಲ್ಲರಿಗೂ ಗೊತ್ತು. ಅಳತೆ ಮುಗಿದ ಮೇಲೆ ಗಿರಾಕಿಯ ಚೀಲಕ್ಕೆ ಅಂಗಡಿಯವನು ಹಾಕುವ ಒಂದು ಹಿಡಿ. ಲೆಕ್ಕಕ್ಕೆ ಸೇರದ್ದು. ಆದರೆ ಹಕ್ಕಿಯ ಎಣಿಕೆಯಲ್ಲಿ ಕೊಸರೇ? ನಾನು ತಲೆ ಮೇಲೆ ಕೈ ಹೊತ್ತೆ. ‘ಇಪ್ಪತ್ತಕ್ಕೊಂದು ಬಿಟ್ಟೆಯಾ? ಲೆಕ್ಕವೆಲ್ಲ ತಪ್ಪು ಹಾಗಾದರೆ! ಎಣಿಸುವುದು ಅಂದರೇನು ಅಂತ...’

‘ಬಾಯಿ ಮುಚ್ಚೋ ಮೇಷ್ಟ್ರಾ’ ಅಂದ ಬಾಷಾ. ‘ನೀನೂ ಹಂಗ ಎಣಿಸಿದಿ.’

‘ಸಾಧ್ಯವೇ ಇಲ್ಲ.’

‘ನಾ ಬ್ಯಾರೇ ಏನು ನೋಡ್ಲಿ? ಹಕ್ಕಿ ಇರಲಿಲ್ಲ, ನಿಮ್ಮಿಬ್ಬರನ್ನ ನೋಡ್ಕೋತ ಕುಂತಿದ್ದೆ. ಇಪ್ಪತ್ತಕ್ಕ ಬೆರಳು ಮಡಚಿದಿ, ಒಂದು ಹಕ್ಕಿ ಹೋಗಾಕ ಬಿಟ್ಟಿ, ಆಮ್ಯಾಲ ಶುರು ಮಾಡಿದಿ. ಪ್ರತಿ ಸಲ. ಅಕ್ಕ ತಮ್ಮ ಇಬ್ಬರೂ ಒಂದ ಥರ. ನನಗ ನಗಿ ತಡಿಯಾಕ ಆಗಿಲ್ಲ.’

ನಾನು ನನ್ನ ಕೈ ನೋಡಿಕೊಂಡೆ. ಬಿಟ್ಟಿದ್ದೆನೇ? ಬಿಟ್ಟಿದ್ದೆ. ಉಸಿರು ತೆಗೆದುಕೊಳ್ಳಲು ನಿಲ್ಲುತ್ತಿದ್ದೇನೆ ಅಂದುಕೊಂಡಿದ್ದೆ.

ಸಂಶಯ ನನ್ನ ವೃತ್ತಿ. ತಕ್ಷಣ ಹೇಳಿದೆ: ‘ಅಂಗಡಿಯಲ್ಲಿ ನೋಡಿ ಕಲಿತದ್ದಿರಬೇಕು.’

ಅಕ್ಕ ತಲೆ ಅಲ್ಲಾಡಿಸಿದಳು. ‘ಅಂಗಡ್ಯಾಗ ಕೊಸರು ಅಂದ್ರ ಕಡೀಕ ಒಂದು ಹಿಡಿ ಕಾಳು, ಅಷ್ಟ. ನಡುವ ಸೇರು ಬಿಟ್ಟು ಎಣಿಸಿದ್ರ ಅಂಗಡಿ ಉಳೀತೈತೇನು?’ ಹುಲ್ಲಿನ ಕಡೆ ತಿರುಗಿದಳು. ‘ಅಪ್ಪ ಹಂಗ ಎಣಿಸಿದ್ದು ಅವತ್ತು ಒಂದ ದಿನ. ಇಲ್ಲೇ. ಒಂದು ಬಿಟ್ಟಿ ಅಪ್ಪಾ ಅಂತ ನಾ ಕೂಗಿದೆ. ಅದು ಗುಡ್ಡಕ್ಕ ಕೊಸರವ್ವ ಅಂದ.’

‘ಇದನ್ನು ನನಗೆ ಯಾವತ್ತು ಹೇಳಿದ್ದೆ?’

‘ಹೇಳಿಲ್ಲ.’

‘ನೆನಪು ಮಾಡಿಕೊ.’

‘ಹೇಳಿಲ್ಲೋ. ನನಗ ಮರತು ಹೋಗಿತ್ತು. ಈಗ, ಬಾಷಾ ಕೇಳಿದ ಮ್ಯಾಲ ನೆನಪಾತು.’

ಬಾಷಾ ನಮ್ಮಿಬ್ಬರ ಮುಖ ನೋಡಿದ. ‘ಅಂದ್ರ ಇವನೂ ಇದ್ದ?’

‘ಇದ್ದ ಅನ್ನಸತೈತಿ’ ಅಂದಳು ಅಕ್ಕ.

‘ಮತ್ತೆ ಅಮ್ಮ ಆಗಿದ್ದು? ಬೇವಿನ ಸೊಪ್ಪು?’ ನಾನು ಕೇಳಿದೆ.

‘ಅದು ಮುಂದಿನ ವರ್ಷ ಇರಬೇಕು ಬಿಡು. ಅವತ್ತು ನೋಡಿದ್ದನ್ನ ನಿನಗ ತಿರುಗಿ ನೆನಪು ಮಾಡ್ಕೊಟ್ಟಿರಬೇಕು ನಾನು.’ ಆಮೇಲೆ ನಗತೊಡಗಿದಳು. ‘ಹೆಗಲ ಮ್ಯಾಲ ನೀ ಕುಂತಿದ್ದಿ ಅಂದ್ರ ನಾನು ಎಲ್ಲಿದ್ನೋ? ಅಪ್ಪನ ಅಂಗಿ ಹಿಡ್ಕೊಂಡು ಹತ್ತಿರಬೇಕು. ಇಷ್ಟು ವರ್ಷ ಹೆಗಲ ಮ್ಯಾಲ ನಾನ ಕುಂತಿದ್ದೆ ಅಂತ ತಿಳ್ಕೊಂಡಿದ್ದೆ ನೋಡು!’

ಟಾರ್ಚಿನ ಬೆಳಕಿನಲ್ಲಿ ಗುಡ್ಡ ಇಳಿಯುವಾಗ ಮೂವರೂ ವಿನಾಕಾರಣ ನಗುತ್ತಿದ್ದೆವು. ಬಾಷಾ ‘ಲಾಭ, ಎರಡು’ ಎನ್ನುತ್ತಾ ಬಂಡೆಗಳನ್ನು ಎಣಿಸುತ್ತಿದ್ದ. ನನಗೆ ಆಗುತ್ತಿದ್ದ ಸಂತೋಷವನ್ನು ವಿದ್ಯಾವಂತ ಭಾಷೆಯಲ್ಲಿ ಹೇಳಲು ಆಗುವುದಿಲ್ಲ. ಅಪ್ಪನ ಹೆಗಲು ನನ್ನದಾಗಿತ್ತು. ಅದಕ್ಕಿಂತ ಹೆಚ್ಚು, ಆ ಚಿತ್ರದಲ್ಲಿ ಈಗ ಅಕ್ಕನೂ ಇದ್ದಳು. ನನ್ನ ಕತೆಯಲ್ಲಿ ಅವಳನ್ನು ನಾನು ಯಾವತ್ತೂ ಕೂರಿಸಿರಲಿಲ್ಲ. ಅವಳ ಕತೆಯಲ್ಲಿ ನಾನಿರಲಿಲ್ಲ. ಒಂದೇ ಗುಡ್ಡ ಹತ್ತಿದ ಇಬ್ಬರು ಮಕ್ಕಳು ಒಬ್ಬರನ್ನೊಬ್ಬರು ಕೆಳಗೇ ಬಿಟ್ಟು ಬಂದಿದ್ದೆವು. ನಿಮ್ಮ ಮನೆಯ ಅಣ್ಣ ತಮ್ಮ ಅಕ್ಕ ತಂಗಿಯರನ್ನು ಕೂರಿಸಿ ಒಂದೇ ಹಬ್ಬದ ಬಗ್ಗೆ ಕೇಳಿ ನೋಡಿ. ಪ್ರತಿಯೊಬ್ಬರ ಹಬ್ಬದಲ್ಲೂ ಅಪ್ಪ ಅಮ್ಮ ಇರುತ್ತಾರೆ. ಉಳಿದವರು?

ಅಷ್ಟರಲ್ಲಿ ನನ್ನ ಹಳೇ ರೋಗ ತಿರುಗಿ ಶುರುವಾಯಿತು. ಕೊಟ್ಟೂರಿನ ಬಸ್ಸಿನಲ್ಲಿ ಕೂತವನಿಗೆ (ಹೌದು, ಈ ಸಲ ಕೂತಿದ್ದೆ) ಒಂದು ಸಂಶಯ. ಅಕ್ಕನಿಗೆ ನಿಜವಾಗಿ ಆಗಲೇ ನೆನಪಾಯಿತೇ? ಅಥವಾ ನನ್ನ ಮುಖ ನೋಡಲಾರದೆ ಹಾಗೆಂದಳೇ? ಸಾಕು ಅಂದ ಮೇಲೂ ಎಲೆಗೆ ಬಡಿಸುವ ಕೈ ಅವಳದು. ನಾಲ್ಕು ದಿನ ತಡೆದುಕೊಂಡು ಐದನೇ ದಿನ ಫೋನ್ ಮಾಡಿ ಕೇಳಿಯೇಬಿಟ್ಟೆ.

‘ನಿನಗ ಬ್ಯಾರೇ ಉದ್ಯೋಗ ಇಲ್ಲೇನೋ?’ ಅಂದಳು. ‘ಐತ್ವಾರ ಮತ್ತ ಹೋಗೂನು ಅಂತ ನಮ್ಮನಿಯವರು ಹಟ ಹಿಡಿದಾರ. ಬಾಷಾಗ ಜೀಪು ತರಾಕ ಹೇಳು.’

ಇದು ಉತ್ತರವೇ? ನನ್ನ ತರಗತಿಯಲ್ಲಾಗಿದ್ದರೆ ಸೊನ್ನೆ ಕೊಡುತ್ತಿದ್ದೆ. ಇಲ್ಲಿ ಪೂರ್ತಿ ಅಂಕ ಕೊಟ್ಟು ಫೋನ್ ಇಟ್ಟೆ.

ಆ ದಿನ ಮನೆಗೆ ಬಂದರೆ ಕಾಂಪೌಂಡಿನ ಬಳಿ ಗುಡ್ಡಕ್ಕೆ ಬರಲ್ಲ ಅಂದಿದ್ದ ನನ್ನ ಹೆಂಡತಿ ಪಕ್ಕದ ಮನೆಯವರೊಂದಿಗೆ ಮಾತಿಗೆ ನಿಂತಿದ್ದಳು. ‘ಏನ್ ಕೇಳ್ತೀರಿ, ಆಕಾಶದ ತುಂಬ ಗಿಡುಗ! ಒಂದಂತೂ ನಮ್ಮ ತಲೆ ಮೇಲೇ ಹಾದು ಹೋತು ನೋಡ್ರಿ. ರೆಕ್ಕೆ ಗಾಳಿ ಮುಖಕ್ಕೆ ಬಡೀತು!’

ತಿದ್ದಲೆಂದು ಬಾಯಿ ತೆರೆದವನು ಮುಚ್ಚಿಕೊಂಡೆ. ನಮ್ಮ ಎಣಿಕೆಗೆ ಸಾಕ್ಷಿಯೊಬ್ಬರು ಹೆಚ್ಚಾದರೆ ಯಾವ ಗಿಡುಗಕ್ಕೆ ನಷ್ಟ?